ಅಕ್ಷದ ಮೇಲಿನ ಹೆಸರುಗಳು: ಕನ್ನಡ ಸಂಶೋಧನೆಯಲ್ಲಿ ಬಹುಸ್ತರ ಆಲೇಖಗಳ ರಚನೆ ಮತ್ತು ಅರ್ಥ

1. ಪ್ರಸ್ತಾವನೆ

ಕನ್ನಡ ಸಂಶೋಧನೆಯು ಅಂಕಿ-ಅಂಶಗಳಿಂದ ದೂರ ಉಳಿದ ಶಿಸ್ತಲ್ಲ. ಶಾಸನಗಳ ಎಣಿಕೆ, ಹಸ್ತಪ್ರತಿಗಳ ವರ್ಗೀಕರಣ, ಛಂದೋರೂಪಗಳ ಗಣನೆ, ಪದಪ್ರಯೋಗಗಳ ಆವರ್ತನ, ಉಪಭಾಷೆಗಳ ಕ್ಷೇತ್ರಕಾರ್ಯ ಮೊದಲಾದ ಅಧ್ಯಯನಗಳೆಲ್ಲ ಒಂದಲ್ಲ ಒಂದು ಹಂತದಲ್ಲಿ ಕೋಷ್ಟಕದ ರೂಪವನ್ನು ತಾಳುತ್ತವೆ. ಕಂಪ್ಯೂಟರ್ ಬಳಕೆ ವಿಭಾಗಗಳಲ್ಲಿ ಸಾಮಾನ್ಯವಾದ ಮೇಲೆ ಈ ಕೋಷ್ಟಕಗಳು ಆಲೇಖಗಳಾಗಿ, ಅಂದರೆ ವಾಡಿಕೆಯಲ್ಲಿ ಚಾರ್ಟ್ ಎಂದು ಕರೆಯಲಾಗುವ ಚಿತ್ರಗಳಾಗಿ, ಮಹಾಪ್ರಬಂಧಗಳಲ್ಲಿಯೂ ಸಂಶೋಧನ ಲೇಖನಗಳಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಆದರೆ ಆಲೇಖವನ್ನು ಅಲಂಕಾರವೆಂದು ನೋಡುವ ಪ್ರವೃತ್ತಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಕೋಷ್ಟಕವನ್ನು ಸಂಶೋಧಕರು ಸಿದ್ಧಪಡಿಸುತ್ತಾರೆ. ಆಲೇಖವನ್ನು ಬೆರಳಚ್ಚು ಮಾಡಿಕೊಡುವವರು ತಮಗೆ ತೋಚಿದಂತೆ ಸೇರಿಸುತ್ತಾರೆ. ಪರಿಣಾಮವಾಗಿ ಪ್ರಬಂಧದ ವಾದ ಒಂದು ದಿಕ್ಕಿನಲ್ಲಿ, ಅದರ ಆಲೇಖ ಮತ್ತೊಂದು ದಿಕ್ಕಿನಲ್ಲಿ ಸಾಗುವ ಸಂದರ್ಭಗಳು ಒದಗುತ್ತವೆ.

ಈ ಹಿನ್ನೆಲೆಯಲ್ಲಿ ಆಲೇಖದ ಒಂದು ಅಂಗವನ್ನು ಮಾತ್ರ ಪ್ರಸ್ತುತ ಲೇಖನ ಪರಿಶೀಲನೆಗೆ ಎತ್ತಿಕೊಂಡಿದೆ. ಅದು ಅಕ್ಷದ ಕೆಳಗೆ ಬರೆಯಲಾಗುವ ಹೆಸರುಗಳು. ಈ ಹೆಸರುಗಳು ಒಂದೇ ಸಾಲಿನಲ್ಲಿರದೆ ಎರಡು ಅಥವಾ ಮೂರು ಸ್ತರಗಳಲ್ಲಿರಬೇಕಾದ ಪ್ರಸಂಗಗಳು ಸಾಹಿತ್ಯ, ಶಾಸನ ಮತ್ತು ಭಾಷಾಧ್ಯಯನಗಳಲ್ಲಿ ಮೇಲಿಂದ ಮೇಲೆ ಎದುರಾಗುತ್ತವೆ. ಮೈಕ್ರೋಸಾಫ್ಟ್ ಎಕ್ಸೆಲ್ ಮತ್ತು ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಎರಡು ಬಳಕೆಯ ತಂತ್ರಾಂಶಗಳಲ್ಲಿ ಇಂಥ ಆಲೇಖಗಳನ್ನು ರಚಿಸುವ ಕ್ರಮ ಯಾವುದು, ಸ್ತರಗಳ ಆಯ್ಕೆಯಿಂದ ವಾದದ ಸ್ವರೂಪ ಹೇಗೆ ಬದಲಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ನೋಡಲಾಗಿದೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳಲ್ಲ ಎಂಬುದೇ ಲೇಖನದ ಮುಖ್ಯ ಪ್ರತಿಪಾದನೆ.

2. ಬಹುಸ್ತರ ಹೆಸರು: ಪರಿಕಲ್ಪನೆ

ಬಹುಸ್ತರ ಹೆಸರು ಎಂಬ ಕಲ್ಪನೆ ಕನ್ನಡದ ವಿದ್ವಾಂಸರಿಗೆ ಹೊಸತಲ್ಲ. ಕುಮಾರವ್ಯಾಸನ 'ಕರ್ಣಾಟ ಭಾರತ ಕಥಾಮಂಜರಿ'ಯ ಯಾವುದೇ ಪದ್ಯವನ್ನು ಸೂಚಿಸಬೇಕಾದರೆ ಪರ್ವ, ಸಂಧಿ, ಪದ್ಯಸಂಖ್ಯೆ ಎಂಬ ಮೂರು ಸ್ತರಗಳನ್ನು ಹೇಳಬೇಕಾಗುತ್ತದೆ. ಕಾವ್ಯದಲ್ಲಿ ಹತ್ತು ಪರ್ವಗಳಿವೆ. ಪ್ರತಿ ಪರ್ವದಲ್ಲಿಯೂ ಸಂಧಿಗಳ ಎಣಿಕೆ ಹೊಸದಾಗಿ ಒಂದರಿಂದ ಆರಂಭವಾಗುತ್ತದೆ. ಆದ್ದರಿಂದ 'ಎರಡನೆಯ ಸಂಧಿ' ಎಂದಷ್ಟೇ ಹೇಳಿದರೆ ಯಾವ ಪರ್ವದ ಎರಡನೆಯ ಸಂಧಿ ಎಂಬ ಪ್ರಶ್ನೆ ಉಳಿಯುತ್ತದೆ. ಉದ್ಯೋಗಪರ್ವದ ಎರಡನೆಯ ಸಂಧಿಗೂ ದ್ರೋಣಪರ್ವದ ಎರಡನೆಯ ಸಂಧಿಗೂ ಹೆಸರಿನಲ್ಲಿ ಮಾತ್ರ ಸಾಮ್ಯ. ಸಂಧಿವಾರು ಪದ್ಯಗಳ ಸಂಖ್ಯೆಯನ್ನು ಆಲೇಖದಲ್ಲಿ ತೋರಿಸುವವರು ಅಕ್ಷದ ಕೆಳಗೆ ಸಂಧಿಯ ಸಂಖ್ಯೆಯನ್ನಷ್ಟೇ ಬರೆದರೆ ಆಲೇಖವು ಓದಲಾರದ ಸ್ಥಿತಿಗೆ ಬರುತ್ತದೆ. ಸಂಧಿಯ ಸಂಖ್ಯೆ ಒಳಸ್ತರವಾಗಿ, ಪರ್ವದ ಹೆಸರು ಅದರ ಕೆಳಗೆ ಹೊರಸ್ತರವಾಗಿ ನಿಂತಾಗ ಮಾತ್ರ ಅದು ಅರ್ಥಪೂರ್ಣವಾಗುತ್ತದೆ.

ಎರಡು ಸ್ತರಗಳ ನಡುವಿನ ಸಂಬಂಧ ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ಇದನ್ನು ಎರಡು ವಿಧವಾಗಿ ವಿಂಗಡಿಸಿಕೊಳ್ಳಬಹುದು.

ಮೊದಲನೆಯದು ಅಂತರ್ಗತ ಸಂಬಂಧ. ಇಲ್ಲಿ ಒಳಸ್ತರದ ಪ್ರತಿಯೊಂದು ಘಟಕವೂ ಹೊರಸ್ತರದ ಒಂದೇ ಒಂದು ಘಟಕಕ್ಕೆ ಸೇರಿರುತ್ತದೆ. ಸಂಧಿಯು ಪರ್ವಕ್ಕೆ, ಆಶ್ವಾಸವು ಕಾವ್ಯಕ್ಕೆ, ತಾಲ್ಲೂಕು ಜಿಲ್ಲೆಗೆ ಸೇರುವುದು ಈ ರೀತಿಯಲ್ಲಿ. ಪಂಪನ 'ವಿಕ್ರಮಾರ್ಜುನ ವಿಜಯ'ದ 14 ಆಶ್ವಾಸಗಳು ಮತ್ತು 'ಆದಿಪುರಾಣ'ದ 16 ಆಶ್ವಾಸಗಳು ಒಂದೇ ಆಲೇಖದಲ್ಲಿ ಬಂದರೂ ಒಂದರ ಆಶ್ವಾಸ ಮತ್ತೊಂದರದ್ದಾಗುವುದಿಲ್ಲ.

ಎರಡನೆಯದು ಹಾಸುಹೊಕ್ಕಿನ ಸಂಬಂಧ. ಇಲ್ಲಿ ಒಂದು ಸ್ತರದ ಎಲ್ಲ ಘಟಕಗಳೂ ಮತ್ತೊಂದು ಸ್ತರದ ಎಲ್ಲ ಘಟಕಗಳಲ್ಲಿಯೂ ಪುನರಾವರ್ತನೆಗೊಳ್ಳುತ್ತವೆ. ಜನಗಣತಿಯ ವರ್ಷ ಮತ್ತು ಲಿಂಗ, ಶತಮಾನ ಮತ್ತು ಶಾಸನದ ಬಗೆ, ಉಪಭಾಷೆ ಮತ್ತು ವಯೋಮಾನ ಇವು ಮಗ್ಗದ ಹಾಸು ಹೊಕ್ಕುಗಳಂತೆ ಒಂದರೊಡನೊಂದು ಹಾಯ್ದು ಹೋಗುತ್ತವೆ. ಹಾಸನ್ನು ಹೊಕ್ಕಾಗಿಯೂ ಹೊಕ್ಕನ್ನು ಹಾಸಾಗಿಯೂ ತಿರುಗಿಸಿ ನೋಡುವ ಅವಕಾಶ ಇಲ್ಲಿದೆ. ಅಂತರ್ಗತ ಸಂಬಂಧದಲ್ಲಿ ಆ ಅವಕಾಶವಿಲ್ಲ. ಆಲೇಖವನ್ನು ರಚಿಸುವ ಮುನ್ನ ತನ್ನ ದತ್ತಾಂಶದಲ್ಲಿ ಯಾವ ಬಗೆಯ ಸಂಬಂಧವಿದೆ ಎಂಬುದನ್ನು ಸಂಶೋಧಕರು ನಿರ್ಧರಿಸಿಕೊಳ್ಳಬೇಕು. ಮುಂದಿನ ಎರಡು ಉದಾಹರಣೆಗಳು ಈ ಎರಡು ಬಗೆಗಳನ್ನು ಪ್ರತಿನಿಧಿಸುತ್ತವೆ.

3. ಅಂತರ್ಗತ ಸಂಬಂಧ: ಶ್ರವಣಬೆಳಗೊಳದ ಶಾಸನಗಳು

'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡನೆಯ ಸಂಪುಟ ಶ್ರವಣಬೆಳಗೊಳದ ಶಾಸನಗಳಿಗೆ ಮೀಸಲಾದುದು. ಬಿ. ಎಲ್. ರೈಸ್ ಅವರು 1889ರಲ್ಲಿ ಹೊರತಂದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಪ್ರಕಟಿಸಿದ ಪರಿಷ್ಕೃತ ಸಂಪುಟದಲ್ಲಿ 573 ಶಾಸನಗಳು ಸೇರಿವೆ. ಈ 573 ಶಾಸನಗಳ ಸ್ಥಳವಾರು ಹಂಚಿಕೆಯನ್ನು ಆಲೇಖಕ್ಕೆ ಅಳವಡಿಸಲು ಕೋಷ್ಟಕವನ್ನು ಹೀಗೆ ಸಿದ್ಧಪಡಿಸಿಕೊಳ್ಳಬೇಕು.

ಕೋಷ್ಟಕ 1

| | | ಶಾಸನಗಳ ಸಂಖ್ಯೆ |
|---|---|---|
| ಬೆಟ್ಟ | ಚಂದ್ರಗಿರಿ | 271 |
| | ವಿಂಧ್ಯಗಿರಿ | 172 |
| ಊರು | ಶ್ರವಣಬೆಳಗೊಳ | 80 |
| | ಸುತ್ತಲಿನ ಹಳ್ಳಿಗಳು | 50 |

ಇಲ್ಲಿ ಮೊದಲನೆಯ ಕಾಲಂ ಹೊರಸ್ತರ, ಎರಡನೆಯದು ಒಳಸ್ತರ, ಮೂರನೆಯದು ಮೌಲ್ಯ. ಹೊರಸ್ತರದ ಹೆಸರನ್ನು ಗುಂಪಿನ ಮೊದಲ ಅಡ್ಡಸಾಲಿನಲ್ಲಿ ಮಾತ್ರ ಬರೆದು ಅದರ ಕೆಳಗಿನ ಸೆಲ್ಲನ್ನು ಖಾಲಿ ಬಿಡಲಾಗಿದೆ. ಈ ಖಾಲಿ ಸೆಲ್ಲೇ ತಂತ್ರಾಂಶಕ್ಕೆ ಸಿಗುವ ಸೂಚನೆ: ಮೇಲಿನ ಹೆಸರು ಇಲ್ಲಿಯೂ ಮುಂದುವರಿದಿದೆ ಎಂದು ಅದು ಗ್ರಹಿಸುತ್ತದೆ. ಎಕ್ಸೆಲ್‌ನಲ್ಲಿ ಶೀರ್ಷಿಕೆಯ ಸಾಲನ್ನೂ ಒಳಗೊಂಡಂತೆ ಮೂರು ಕಾಲಂಗಳನ್ನು ಆಯ್ಕೆ ಮಾಡಿ, 'ಇನ್ಸರ್ಟ್' ವಿಭಾಗದಲ್ಲಿ ಕಾಲಂ ಚಾರ್ಟನ್ನು ಆರಿಸಿದರೆ ಸ್ತಂಭಾಲೇಖ ಮೂಡುತ್ತದೆ. ಅಕ್ಷದ ಪಕ್ಕದಲ್ಲಿ ನಾಲ್ಕು ಸ್ಥಳಗಳ ಹೆಸರುಗಳೂ, ಅವುಗಳ ಕೆಳಗಿನ ಸಾಲಿನಲ್ಲಿ 'ಬೆಟ್ಟ', 'ಊರು' ಎಂಬ ಎರಡು ಹೆಸರುಗಳೂ, ಗುಂಪುಗಳನ್ನು ಬೇರ್ಪಡಿಸುವ ಗೆರೆಗಳೂ ತಾವಾಗಿಯೇ ಬರುತ್ತವೆ.

ಹೀಗೆ ಬರದಿದ್ದಲ್ಲಿ ಎರಡು ಕಡೆ ಪರಿಶೀಲಿಸಬೇಕು. ಆಲೇಖದ ಮೇಲೆ ಬಲಗುಂಡಿ ಒತ್ತಿದಾಗ ಬರುವ 'ಸೆಲೆಕ್ಟ್ ಡಾಟಾ' ಎಂಬಲ್ಲಿ ಅಡ್ಡ ಅಕ್ಷದ ಹೆಸರುಗಳ ವ್ಯಾಪ್ತಿಯು ಎರಡು ಕಾಲಂಗಳನ್ನೂ ಒಳಗೊಂಡಿದೆಯೇ ಎಂದು ನೋಡುವುದು ಮೊದಲನೆಯದು. ಅಕ್ಷವನ್ನು ಆಯ್ದು 'ಫಾರ್ಮ್ಯಾಟ್ ಆ್ಯಕ್ಸಿಸ್' ತೆರೆದು, ಲೇಬಲ್‌ಗಳ ವಿಭಾಗದಲ್ಲಿರುವ 'ಮಲ್ಟಿ-ಲೆವೆಲ್ ಕೆಟಗರಿ ಲೇಬಲ್ಸ್' ಎಂಬ ಚೌಕದಲ್ಲಿ ಗುರುತಿದೆಯೇ ಎಂದು ನೋಡುವುದು ಎರಡನೆಯದು. ಈ ಗುರುತನ್ನು ತೆಗೆದರೆ ಎರಡು ಸ್ತರಗಳ ಹೆಸರುಗಳು ಒಂದೇ ಸಾಲಿಗೆ ಇಳಿದು ಗುಂಪಿನ ವಿಂಗಡಣೆ ಮಾಯವಾಗುತ್ತದೆ.

ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿಯೂ ಕೋಷ್ಟಕದ ವಿನ್ಯಾಸ ಇದೇ. ಆಲೇಖ ರಚನೆಯ ಹಂತಗಳಲ್ಲಿ ದತ್ತಾಂಶದ ವ್ಯಾಪ್ತಿಯನ್ನು ಕೊಡುವಾಗ ಮೊದಲ ಕಾಲಮನ್ನು ಹೆಸರಾಗಿ ಪರಿಗಣಿಸಬೇಕೆಂಬ ಆಯ್ಕೆಯನ್ನು ಗುರುತಿಸಬೇಕು. ಆರಂಭದ ಒಂದಕ್ಕಿಂತ ಹೆಚ್ಚು ಕಾಲಂಗಳಲ್ಲಿ ಪಠ್ಯವಿದ್ದರೆ ಅವನ್ನು ಅದು ತಾನಾಗಿಯೇ ಶ್ರೇಣೀಕೃತ ಹೆಸರುಗಳಾಗಿ ಸ್ವೀಕರಿಸುತ್ತದೆ. ಬೇಕಾದರೆ ಮುಂದಿನ ಹಂತದಲ್ಲಿ 'ಕೆಟಗರೀಸ್' ಎಂಬ ಸ್ಥಾನದಲ್ಲಿ ಎರಡು ಕಾಲಂಗಳ ವ್ಯಾಪ್ತಿಯನ್ನು ನೇರವಾಗಿ ನಮೂದಿಸಬಹುದು.

ಖಾಲಿ ಸೆಲ್ಲು ನಿಜವಾಗಿ ಖಾಲಿಯಾಗಿರಬೇಕು ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಕಣ್ಣಿಗೆ ಕಾಣದ ಒಂದು ಅಂತರ ಉಳಿದುಕೊಂಡಿದ್ದರೂ ತಂತ್ರಾಂಶ ಅದನ್ನು ಬೇರೊಂದು ಹೆಸರೆಂದು ತಿಳಿದು ಗುಂಪನ್ನು ಒಡೆಯುತ್ತದೆ. ಹಾಗೆಯೇ ಎಕ್ಸೆಲ್‌ನ ಸಾಮಾನ್ಯ ಆಲೇಖದಲ್ಲಿ 'ಬೆಟ್ಟ' ಎಂಬುದನ್ನು ಎರಡೂ ಸಾಲುಗಳಲ್ಲಿ ಬರೆದರೆ ಅದು ಆಲೇಖದಲ್ಲಿಯೂ ಎರಡು ಬಾರಿ ಮೂಡುತ್ತದೆ.

ಈ ಆಲೇಖ ಏನನ್ನು ತೋರಿಸುತ್ತದೆ? ನಾಲ್ಕು ಸ್ತಂಭಗಳಲ್ಲಿ ಅತಿ ಎತ್ತರದ್ದು ಚಂದ್ರಗಿರಿಯದು. ಜನರ ಬಾಯಲ್ಲಿ ಚಿಕ್ಕಬೆಟ್ಟವೆನಿಸಿದ ಚಂದ್ರಗಿರಿಯಲ್ಲಿ, ಗೊಮ್ಮಟ ಮೂರ್ತಿಯಿರುವ ದೊಡ್ಡಬೆಟ್ಟಕ್ಕಿಂತ, ಅಂದರೆ ವಿಂಧ್ಯಗಿರಿಗಿಂತ, 99 ಶಾಸನಗಳು ಹೆಚ್ಚಾಗಿವೆ. ಇದು ಒಳಸ್ತರದ ಓದು. ಹೊರಸ್ತರವನ್ನು ನೋಡಿದರೆ ಎರಡು ಬೆಟ್ಟಗಳಲ್ಲಿ ಒಟ್ಟು 443 ಶಾಸನಗಳೂ, ಊರು ಮತ್ತು ಹಳ್ಳಿಗಳಲ್ಲಿ 130 ಶಾಸನಗಳೂ ಇವೆ. ಅಂದರೆ ನೂರಕ್ಕೆ 77ರಷ್ಟು ಬೆಟ್ಟಗಳಲ್ಲಿವೆ. ಒಂದೇ ಸ್ತರದ ಆಲೇಖದಲ್ಲಿ ಮೊದಲನೆಯ ಓದು ಮಾತ್ರ ಸಾಧ್ಯವಿತ್ತು. ಎರಡನೆಯದನ್ನು ಸಾಧ್ಯಗೊಳಿಸಿದ್ದು 'ಬೆಟ್ಟ', 'ಊರು' ಎಂಬ ಎರಡು ಪದಗಳು. ಈ ಎರಡು ಪದಗಳನ್ನು ಸೇರಿಸಿದವರು ಸಂಶೋಧಕರೇ ಹೊರತು ತಂತ್ರಾಂಶವಲ್ಲ. ಬೆಟ್ಟವನ್ನು ಒಂದು ಗುಂಪು, ಊರನ್ನು ಮತ್ತೊಂದು ಗುಂಪು ಎಂದು ಭಾವಿಸುವುದಕ್ಕೆ ಧಾರ್ಮಿಕ ಹಾಗೂ ಸಾಮಾಜಿಕ ಕಾರಣಗಳಿವೆಯೇ ಎಂಬುದನ್ನು ಪ್ರಬಂಧದ ಪಠ್ಯದಲ್ಲಿ ವಿವರಿಸುವ ಹೊಣೆಯೂ ಅವರದೇ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮೂರು ಆವೃತ್ತಿಗಳ 144, 500, 573 ಎಂಬ ಸಂಖ್ಯೆಗಳನ್ನು ಸ್ತಂಭಗಳಾಗಿ ನಿಲ್ಲಿಸಿದರೆ ಮೊದಲ ಎರಡರ ನಡುವೆ 356ರ ಏರಿಕೆಯೂ, ಮುಂದಿನದರಲ್ಲಿ 73ರ ಏರಿಕೆಯೂ ಕಾಣುತ್ತದೆ. ಇದು ಶಾಸನಗಳ ಬೆಳವಣಿಗೆಯಲ್ಲ, ಶಾಸನಶೋಧದ ಬೆಳವಣಿಗೆ. ಅಕ್ಷದ ಕೆಳಗೆ 1889, 1923, 1973 ಎಂಬ ವರ್ಷಗಳನ್ನಷ್ಟೇ ಬರೆದರೆ ಈ ಭೇದ ಓದುಗರಿಗೆ ತಿಳಿಯದು. ವರ್ಷದ ಕೆಳಗೆ ಸಂಪಾದಕರ ಅಥವಾ ಸಂಸ್ಥೆಯ ಹೆಸರು ಎರಡನೆಯ ಸ್ತರವಾಗಿ ಬಂದಾಗ, ಎಣಿಸುತ್ತಿರುವುದು ಆವೃತ್ತಿಗಳನ್ನು ಎಂಬುದು ಸ್ಪಷ್ಟವಾಗುತ್ತದೆ.

4. ಹಾಸುಹೊಕ್ಕಿನ ಸಂಬಂಧ: ಸಾಕ್ಷರತೆಯ ದತ್ತಾಂಶ

ಕನ್ನಡ ಓದುಗವರ್ಗದ ಬೆಳವಣಿಗೆಯನ್ನು ಕುರಿತು ಅಧ್ಯಯನ ಮಾಡುವವರಿಗೆ ಜನಗಣತಿಯ ಸಾಕ್ಷರತಾ ಪ್ರಮಾಣ ಒಂದು ಮೂಲ ಆಕರ. ಈ ಪ್ರಮಾಣವನ್ನು ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಿಗೆ ಸಂಬಂಧಿಸಿದಂತೆ ಲೆಕ್ಕ ಹಾಕಲಾಗುತ್ತದೆ. ಕರ್ನಾಟಕದಲ್ಲಿ 2001ರಲ್ಲಿ ಪುರುಷರ ಸಾಕ್ಷರತೆ ಶೇಕಡಾ 76.10, ಮಹಿಳೆಯರದು 56.87 ಇದ್ದಿತು. 2011ರಲ್ಲಿ ಅವು ಅನುಕ್ರಮವಾಗಿ 82.47 ಮತ್ತು 68.08 ಆದವು.

ನಾಲ್ಕೇ ಸಂಖ್ಯೆಗಳ ಈ ದತ್ತಾಂಶವನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ವರ್ಷವನ್ನು ಹೊರಸ್ತರವಾಗಿಯೂ ಲಿಂಗವನ್ನು ಒಳಸ್ತರವಾಗಿಯೂ ಇರಿಸಿದರೆ, 2001ರ ಗುಂಪಿನಲ್ಲಿ ಪುರುಷ ಮತ್ತು ಮಹಿಳೆಯರ ಸ್ತಂಭಗಳು ಅಕ್ಕಪಕ್ಕ ನಿಲ್ಲುತ್ತವೆ. 2011ರ ಗುಂಪಿನಲ್ಲಿಯೂ ಹಾಗೆಯೇ. ಆಗ ಕಣ್ಣು ಸಹಜವಾಗಿ ಅಳೆಯುವುದು ಇವರಿಬ್ಬರ ನಡುವಿನ ಅಂತರವನ್ನು. ಅದು 2001ರಲ್ಲಿ 19.23 ಅಂಶ, 2011ರಲ್ಲಿ 14.39 ಅಂಶ. ಅಂತರ ತಗ್ಗಿದೆ, ಆದರೆ ಅಳಿದಿಲ್ಲ ಎಂಬುದು ಈ ಆಲೇಖದ ನಿರೂಪಣೆ.

ಲಿಂಗವನ್ನು ಹೊರಸ್ತರವಾಗಿಸಿ ವರ್ಷವನ್ನು ಒಳಸ್ತರವಾಗಿಸಿದರೆ ನಿರೂಪಣೆಯೇ ಬದಲಾಗುತ್ತದೆ. ಈಗ ಅಕ್ಕಪಕ್ಕ ನಿಲ್ಲುವವು ಮಹಿಳೆಯರ 2001 ಮತ್ತು 2011ರ ಸ್ತಂಭಗಳು. ಕಣ್ಣು ಅಳೆಯುವುದು ದಶಕದ ಏರಿಕೆಯನ್ನು. ಮಹಿಳೆಯರಲ್ಲಿ 11.21 ಅಂಶ, ಪುರುಷರಲ್ಲಿ 6.37 ಅಂಶ ಏರಿಕೆಯಾಗಿದೆ. ಮಹಿಳಾ ಸಾಕ್ಷರತೆ ಹೆಚ್ಚು ವೇಗವಾಗಿ ಬೆಳೆಯಿತು ಎಂಬುದು ಇಲ್ಲಿಯ ತಾತ್ಪರ್ಯ.

ಸಂಖ್ಯೆಗಳು ಅವೇ, ಸ್ತಂಭಗಳ ಎತ್ತರವೂ ಅದೇ. ಬದಲಾದದ್ದು ಹೆಸರುಗಳ ಸ್ತರ ಮಾತ್ರ. ಮೊದಲನೆಯ ಆಲೇಖ ಅಸಮಾನತೆಯನ್ನು ಕುರಿತು ಮಾತನಾಡುತ್ತದೆ, ಎರಡನೆಯದು ಪ್ರಗತಿಯನ್ನು ಕುರಿತು. ಎರಡೂ ಸತ್ಯವೇ. ಆದರೆ ಮಹಿಳಾ ಓದುಗರ ಹಿನ್ನಡೆಯನ್ನು ಚರ್ಚಿಸುವ ಅಧ್ಯಾಯದಲ್ಲಿ ಎರಡನೆಯ ಆಲೇಖವನ್ನೋ, ಮಹಿಳಾ ಓದುಗವರ್ಗದ ವಿಸ್ತರಣೆಯನ್ನು ಪ್ರತಿಪಾದಿಸುವ ಅಧ್ಯಾಯದಲ್ಲಿ ಮೊದಲನೆಯದನ್ನೋ ಇರಿಸಿದರೆ ಪಠ್ಯಕ್ಕೂ ಚಿತ್ರಕ್ಕೂ ಹೊಂದಾಣಿಕೆ ತಪ್ಪುತ್ತದೆ. ಹತ್ತಿರದಲ್ಲಿ ನಿಂತ ಸ್ತಂಭಗಳನ್ನೇ ಓದುಗರು ಹೋಲಿಸುತ್ತಾರೆ. ಆದ್ದರಿಂದ ಯಾವುದನ್ನು ಹೋಲಿಸಬೇಕೆಂದು ಸಂಶೋಧಕರು ಬಯಸುತ್ತಾರೋ ಅದು ಒಳಸ್ತರದಲ್ಲಿರಬೇಕು ಎಂಬ ಸೂತ್ರವನ್ನು ಇಲ್ಲಿಂದ ಪಡೆಯಬಹುದು.

ಇದಕ್ಕೆ ಸಂಬಂಧಿಸಿದ ಮತ್ತೊಂದು ಅಂಶ ಲಂಬ ಅಕ್ಷದ ಆರಂಭಬಿಂದು. ಸ್ತಂಭಾಲೇಖದಲ್ಲಿ ಅದು ಸೊನ್ನೆಯೇ ಆಗಿರಬೇಕು. ಅದನ್ನು 50ರಿಂದ ಆರಂಭಿಸಿದರೆ 2001ರ ಮಹಿಳೆಯರ ಸ್ತಂಭಕ್ಕೆ ಉಳಿಯುವ ಎತ್ತರ 6.87 ಅಂಶ, ಪುರುಷರದಕ್ಕೆ 26.10 ಅಂಶ. ವಾಸ್ತವದಲ್ಲಿ 1.34 ಪಟ್ಟು ಇರುವ ವ್ಯತ್ಯಾಸ ಕಣ್ಣಿಗೆ 3.8 ಪಟ್ಟಿನಂತೆ ಕಾಣುತ್ತದೆ. ಹೆಸರುಗಳ ಸ್ತರವನ್ನು ಎಷ್ಟೇ ಎಚ್ಚರದಿಂದ ಜೋಡಿಸಿದರೂ ಈ ಒಂದು ಲೋಪ ಆಲೇಖವನ್ನು ದಾರಿತಪ್ಪಿಸುತ್ತದೆ.

ಹಾಸುಹೊಕ್ಕಿನ ಸಂಬಂಧದಲ್ಲಿ ಬಹುಸ್ತರ ಹೆಸರುಗಳಿಗೆ ಬದಲಾಗಿ ಎರಡು ಬಣ್ಣದ ಸ್ತಂಭಗಳನ್ನೂ ಬಣ್ಣಗಳ ಅರ್ಥ ತಿಳಿಸುವ ಸೂಚಿಯನ್ನೂ ಬಳಸುವುದು ಸಾಧ್ಯ. ಒಳಸ್ತರದ ಘಟಕಗಳು ಎಲ್ಲ ಗುಂಪುಗಳಲ್ಲಿಯೂ ಪುನರಾವರ್ತಿಸುವುದರಿಂದ ಸೂಚಿ ಚಿಕ್ಕದಾಗಿಯೇ ಇರುತ್ತದೆ. ಆದರೆ ಅಂತರ್ಗತ ಸಂಬಂಧಕ್ಕೆ ಇದು ಒಗ್ಗದು. ಚಂದ್ರಗಿರಿ, ವಿಂಧ್ಯಗಿರಿ, ಊರು, ಹಳ್ಳಿಗಳಿಗೆ ನಾಲ್ಕು ಬಣ್ಣ ಕೊಟ್ಟರೆ ಓದುಗರು ಪ್ರತಿ ಸ್ತಂಭಕ್ಕೂ ಸೂಚಿಯ ಕಡೆ ಹೊರಳಬೇಕಾಗುತ್ತದೆ. ಹೊರಸ್ತರಕ್ಕೆ ಮಾತ್ರ ಬಣ್ಣಭೇದ ಬೇಕೆನಿಸಿದರೆ ಬೆಟ್ಟದ ಮೌಲ್ಯಗಳನ್ನು ಒಂದು ಕಾಲಂನಲ್ಲಿ, ಊರಿನವನ್ನು ಅದರ ಪಕ್ಕದ ಕಾಲಂನಲ್ಲಿ ಬರೆದು, ಸ್ತಂಭಗಳ 'ಓವರ್‌ಲ್ಯಾಪ್' ಪ್ರಮಾಣವನ್ನು ಶೇಕಡಾ 100ಕ್ಕೆ ನಿಗದಿಪಡಿಸಬೇಕು. ಆಗ ಎರಡು ಗುಂಪುಗಳು ಎರಡು ಬಣ್ಣಗಳಲ್ಲಿ ಮೂಡಿದರೂ ಸ್ತಂಭಗಳು ತಮ್ಮ ತಮ್ಮ ಹೆಸರುಗಳ ನೇರಕ್ಕೇ ನಿಲ್ಲುತ್ತವೆ.

5. ಸ್ಥಳ ಮತ್ತು ಕಾಲ: ಸ್ತರಗಳ ಅಸ್ಥಿರತೆ

ಹೊರಸ್ತರದಲ್ಲಿ ಬರುವ ಹೆಸರುಗಳು ಸ್ಥಿರವಾದವು ಎಂದು ಭಾವಿಸುವುದು ಸರಿಯಲ್ಲ. ಶಾಸನಾಧ್ಯಯನದಲ್ಲಿ ಹೊರಸ್ತರವಾಗಿ ಸಾಮಾನ್ಯವಾಗಿ ಜಿಲ್ಲೆಯನ್ನು ಬಳಸಲಾಗುತ್ತದೆ. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ರೈಸ್ ಅವರ ಕಾಲದಲ್ಲಿ ಶ್ರೀರಂಗಪಟ್ಟಣ, ಮಳವಳ್ಳಿ, ನಾಗಮಂಗಲ ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದ್ದು, ಅವುಗಳ ಶಾಸನಗಳು ಆ ಜಿಲ್ಲೆಯ ಸಂಪುಟಗಳಲ್ಲಿಯೇ ಪ್ರಕಟವಾಗಿವೆ. ಕಡೂರು ಜಿಲ್ಲೆ ಎಂದು ಆಗ ಕರೆದದ್ದು ಈಗಿನ ಚಿಕ್ಕಮಗಳೂರು ಜಿಲ್ಲೆಯನ್ನು. ಶ್ರವಣಬೆಳಗೊಳವು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದ್ದರೂ ಅದಕ್ಕೆ ಪ್ರತ್ಯೇಕ ಸಂಪುಟ ಮೀಸಲಾಗಿದೆ. ಆದ್ದರಿಂದ ಹೊರಸ್ತರವನ್ನು 'ಸಂಪುಟ' ಎಂದು ಇರಿಸಿಕೊಂಡರೆ ಅದು ಹಾಸನದ ಹೊರಗೆ ನಿಲ್ಲುತ್ತದೆ, 'ಜಿಲ್ಲೆ' ಎಂದು ಇರಿಸಿಕೊಂಡರೆ ಒಳಗೆ ಸೇರುತ್ತದೆ. ಎರಡರಲ್ಲಿ ಹಾಸನದ ಸ್ತಂಭಗಳ ಮೊತ್ತ ಬೇರೆ ಬೇರೆಯಾಗುತ್ತದೆ.

ಈಚಿನ ದತ್ತಾಂಶಕ್ಕೂ ಈ ಮಾತು ಅನ್ವಯಿಸುತ್ತದೆ. 2001ರ ಜನಗಣತಿಯ ವೇಳೆಗೆ ಕರ್ನಾಟಕದಲ್ಲಿ 27 ಜಿಲ್ಲೆಗಳಿದ್ದವು. 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಗಳು ಸೇರಿ 2011ರ ಜನಗಣತಿಯಲ್ಲಿ ಅವು 30 ಆದವು. 2021ರಲ್ಲಿ ವಿಜಯನಗರ ಜಿಲ್ಲೆಯ ರಚನೆಯೊಂದಿಗೆ ಸಂಖ್ಯೆ 31ಕ್ಕೆ ಏರಿತು. 2001ರ ಗುಲಬರ್ಗಾ ಜಿಲ್ಲೆಯಲ್ಲಿ ಯಾದಗಿರಿ ಸೇರಿತ್ತು; 2011ರ ಅಂಕಿ-ಅಂಶಗಳಲ್ಲಿ ಸೇರಿಲ್ಲ. ಈ ಎರಡು ವರ್ಷಗಳ ಸ್ತಂಭಗಳನ್ನು ಒಂದೇ ಜಿಲ್ಲೆಯ ಹೆಸರಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದರೆ ಎರಡು ಬೇರೆ ಭೂಪ್ರದೇಶಗಳನ್ನು ಹೋಲಿಸಿದಂತಾಗುತ್ತದೆ. ಯಾವ ವರ್ಷದ ಜಿಲ್ಲಾ ವಿಂಗಡಣೆಯನ್ನು ಆಧಾರವಾಗಿ ಸ್ವೀಕರಿಸಲಾಗಿದೆ ಎಂಬುದನ್ನು ಆಲೇಖದ ಶೀರ್ಷಿಕೆಯಲ್ಲಿಯೇ ಹೇಳುವುದು ಅವಶ್ಯ.

ಕಾಲಕ್ಕೆ ಸಂಬಂಧಿಸಿದ ತೊಡಕುಗಳು ಬೇರೆ ಬಗೆಯವು. ಎಕ್ಸೆಲ್‌ನ ದಿನಾಂಕ ವ್ಯವಸ್ಥೆ 1900ರಿಂದ ಆರಂಭವಾಗುತ್ತದೆ. ಅದಕ್ಕೆ ಹಿಂದಿನ ದಿನಾಂಕಗಳನ್ನು ಅದು ದಿನಾಂಕವೆಂದು ಗುರುತಿಸುವುದಿಲ್ಲ. ಶಾಸನಗಳ ಕಾಲವನ್ನು ಆದ್ದರಿಂದ ವರ್ಷಸಂಖ್ಯೆಯಾಗಿಯೋ ಶತಮಾನದ ಹೆಸರಾಗಿಯೋ ನಮೂದಿಸಬೇಕು. ಶಕವರ್ಷಕ್ಕೆ ಸಾಮಾನ್ಯವಾಗಿ 78ನ್ನು ಕೂಡಿಸಿ ಕ್ರಿಸ್ತಶಕವನ್ನು ಪಡೆಯುವಾಗ ತಿಂಗಳನ್ನು ಅವಲಂಬಿಸಿ ಒಂದು ವರ್ಷದ ವ್ಯತ್ಯಾಸ ಬರಬಹುದಾದ್ದರಿಂದ, ಮೂಲ ಶಕವರ್ಷವನ್ನು ಬೇರೊಂದು ಕಾಲಂನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು.

ವರ್ಷವನ್ನು ಬರಿಯ ಅಂಕಿಯಾಗಿ ಬರೆದಾಗ ತಂತ್ರಾಂಶವು ಅದನ್ನು ಹೆಸರೆಂದು ತಿಳಿಯದೆ ಮೌಲ್ಯವೆಂದು ತಿಳಿದು, 2001 ಮತ್ತು 2011ಕ್ಕೂ ಎತ್ತರವಾದ ಸ್ತಂಭಗಳನ್ನು ನಿಲ್ಲಿಸುವ ಸಾಧ್ಯತೆ ಇದೆ. '2001ರ ಜನಗಣತಿ' ಎಂದು ಪಠ್ಯವಾಗಿ ಬರೆದರೆ ಅಥವಾ ಅಂಕಿಯ ಹಿಂದೆ ಒಂಟಿ ಉದ್ಧರಣ ಚಿಹ್ನೆಯನ್ನು ಹಾಕಿದರೆ ಈ ತೊಡಕು ನಿವಾರಣೆಯಾಗುತ್ತದೆ. ಆದರೆ ಪಠ್ಯವಾಗಿ ಬರೆದಾಗ ಅಕಾರಾದಿ ಜೋಡಣೆಯಲ್ಲಿ ಮತ್ತೊಂದು ತೊಡಕು ಹುಟ್ಟುತ್ತದೆ. '10ನೆಯ ಶತಮಾನ' ಎಂಬುದು '7ನೆಯ ಶತಮಾನ'ಕ್ಕಿಂತ ಮೊದಲು ಬರುತ್ತದೆ. ಪಠ್ಯದ ಲೆಕ್ಕದಲ್ಲಿ 1 ಎಂಬುದು 7ಕ್ಕಿಂತ ಮೊದಲಿನ ಅಕ್ಷರ. ಶತಮಾನದ ಕ್ರಮಸಂಖ್ಯೆಯನ್ನು ಪ್ರತ್ಯೇಕ ಕಾಲಂನಲ್ಲಿ ಅಂಕಿಯಾಗಿ ಇಟ್ಟುಕೊಂಡು ಅದರ ಆಧಾರದ ಮೇಲೆ ಜೋಡಿಸುವುದು ಇದಕ್ಕೆ ಪರಿಹಾರ. ಕಾಲನಿರ್ದೇಶವಿಲ್ಲದ ಶಾಸನಗಳನ್ನು ಕೈಬಿಡದೆ 'ಕಾಲ ಅನಿಶ್ಚಿತ' ಎಂಬ ಹೆಸರಿನಡಿ ಅಕ್ಷದ ಕೊನೆಯಲ್ಲಿ ತೋರಿಸಬೇಕು. ಇಲ್ಲವಾದರೆ ಸ್ತಂಭಗಳ ಮೊತ್ತ ಪಠ್ಯದಲ್ಲಿ ಹೇಳಿದ ಒಟ್ಟು ಸಂಖ್ಯೆಗೆ ಹೊಂದುವುದಿಲ್ಲ.

6. ಮೂಲ ದತ್ತಾಂಶ ಮತ್ತು ಆಲೇಖದ ಕೋಷ್ಟಕ

ಖಾಲಿ ಸೆಲ್ಲುಗಳಿರುವ ಕೋಷ್ಟಕ ಆಲೇಖಕ್ಕೆ ಅನುಕೂಲ, ಸಂಶೋಧನೆಗೆ ಅಪಾಯಕರ. ಅಂಥ ಕೋಷ್ಟಕವನ್ನು ಒಮ್ಮೆ ಏರಿಕೆಯ ಅಥವಾ ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ ಸಾಲುಗಳು ಸ್ಥಾನಪಲ್ಲಟಗೊಂಡು, ಯಾವ ಹಳ್ಳಿ ಯಾವ ಗುಂಪಿಗೆ ಸೇರಿತ್ತೆಂಬುದು ತಿಳಿಯದಂತಾಗುತ್ತದೆ. ಸೆಲ್ಲುಗಳನ್ನು ಒಂದುಗೂಡಿಸಿ ಹೊರಸ್ತರದ ಹೆಸರನ್ನು ನಡುವೆ ಬರೆಯುವ ರೂಢಿಯೂ ಇದೇ ತೊಂದರೆಯನ್ನು ತರುತ್ತದೆ. ಹಸ್ತಪ್ರತಿಗೂ ಅದರ ಸಂಪಾದಿತ ಪಠ್ಯಕ್ಕೂ ಇರುವ ವ್ಯತ್ಯಾಸವನ್ನೇ ಇಲ್ಲಿಯೂ ಪಾಲಿಸಬೇಕು. ಮೂಲ ದತ್ತಾಂಶದ ಹಾಳೆಯಲ್ಲಿ ಪ್ರತಿ ಶಾಸನಕ್ಕೆ ಒಂದು ಅಡ್ಡಸಾಲು, ಪ್ರತಿ ಸಾಲಿನಲ್ಲಿಯೂ ಎಲ್ಲ ಸ್ತರಗಳ ಹೆಸರು ಪೂರ್ಣವಾಗಿ ಇರಬೇಕು. ಆಲೇಖಕ್ಕೆ ಬೇಕಾದ ಸಂಕ್ಷಿಪ್ತ ಕೋಷ್ಟಕವನ್ನು ಬೇರೊಂದು ಹಾಳೆಯಲ್ಲಿ ಸಿದ್ಧಪಡಿಸಬೇಕು.

ಈ ಕೆಲಸಕ್ಕೆ ಪಿವಟ್ ಕೋಷ್ಟಕದ ಸೌಲಭ್ಯ ಉಪಯುಕ್ತ. ಪೂರ್ಣ ಹೆಸರುಗಳಿರುವ ಮೂಲ ಹಾಳೆಯಿಂದ ಅದು ಎಣಿಕೆಯನ್ನು ತಾನೇ ಮಾಡುತ್ತದೆ. ಸಾಲುಗಳ ಸ್ಥಾನದಲ್ಲಿ ಎರಡು ಸ್ತರಗಳನ್ನು ಒಂದರ ಕೆಳಗೊಂದು ಇರಿಸಿದರೆ ಎಕ್ಸೆಲ್‌ನ ಪಿವಟ್ ಚಾರ್ಟ್ ಬಹುಸ್ತರ ಹೆಸರುಗಳನ್ನು ನೇರವಾಗಿ ರಚಿಸುತ್ತದೆ. ಸ್ತರಗಳ ಕ್ರಮವನ್ನು ಅದಲುಬದಲು ಮಾಡಿ ನೋಡುವುದೂ ಸುಲಭ. ಆದರೆ ಇದು ಹೆಸರುಗಳ ಏಕರೂಪತೆಯನ್ನು ಬೇಡುತ್ತದೆ. ಒಂದು ಕಡೆ 'ಶ್ರವಣಬೆಳಗೊಳ', ಮತ್ತೊಂದು ಕಡೆ 'ಶ್ರವಣಬೆಳ್ಗೊಳ' ಎಂದಿದ್ದರೆ ಅವು ಎರಡು ಊರುಗಳಾಗಿ ಎಣಿಕೆಯಾಗುತ್ತವೆ. ಪಾಠಾಂತರಗಳನ್ನು ಗುರುತಿಸುವ ಕಣ್ಣು ಇಲ್ಲಿಯೂ ಎಚ್ಚರವಾಗಿರಬೇಕು.

7. ಕನ್ನಡ ಲಿಪಿ ಮತ್ತು ಮುದ್ರಣ

ಅಕ್ಷದ ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ಬರೆಯುವುದು ಕ್ಷೇಮ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳು ವಿಭಾಗಗಳಲ್ಲಿ ಈಗಲೂ ಉಳಿದಿವೆ. ಅವುಗಳಲ್ಲಿ ಸೆಲ್ಲಿನೊಳಗೆ ನಿಜವಾಗಿ ಇರುವುದು ರೋಮನ್ ಸಂಕೇತಗಳು. ಆ ವಿನ್ಯಾಸವನ್ನು ತೊಡಿಸಿದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಆಲೇಖವು ತನ್ನದೇ ಅಕ್ಷರವಿನ್ಯಾಸವನ್ನು ಬಳಸುವುದರಿಂದ ಅಕ್ಷದ ಕೆಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಅಕಾರಾದಿ ಜೋಡಣೆಯೂ ಕೆಡುತ್ತದೆ. ಇಂಥ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡು, ಪರಿವರ್ತನೆಯಲ್ಲಿ ಒತ್ತಕ್ಷರಗಳು ಸರಿಯಾಗಿ ಉಳಿದಿವೆಯೇ ಎಂದು ಪರಿಶೀಲಿಸಬೇಕು.

ಕನ್ನಡದ ಹೆಸರುಗಳಿಗೆ ಅಗಲವೂ ಬೇಕು, ಒತ್ತಕ್ಷರಗಳಿಗಾಗಿ ಆಳವೂ ಬೇಕು. ಎ4 ಹಾಳೆಯಲ್ಲಿ ಎರಡೂ ಕಡೆ 2.5 ಸೆಂಟಿಮೀಟರ್ ಅಂಚು ಬಿಟ್ಟರೆ ಉಳಿಯುವ ಅಗಲ 16 ಸೆಂಟಿಮೀಟರ್. ಇದರಲ್ಲಿ 31 ಜಿಲ್ಲೆಗಳನ್ನು ತೋರಿಸಿದರೆ ಒಂದೊಂದಕ್ಕೆ ದೊರೆಯುವುದು ಸುಮಾರು 5 ಮಿಲಿಮೀಟರ್. 'ಚಿಕ್ಕಬಳ್ಳಾಪುರ' ಎಂಬ ಹೆಸರು ಅಲ್ಲಿ ಹಿಡಿಸುವುದಿಲ್ಲ. ಸ್ತಂಭಗಳನ್ನು ಅಡ್ಡಲಾಗಿ ಮಲಗಿಸುವ ಬಾರ್ ಚಾರ್ಟನ್ನು ಇಂಥ ಕಡೆ ಬಳಸಬೇಕು; ಆಗ ಜಿಲ್ಲೆಯ ಹೆಸರುಗಳು ಸಾಲಾಗಿ ಓದಲು ಸಿಗುತ್ತವೆ. ಎಕ್ಸೆಲ್‌ನಲ್ಲಿ ಇಂಥ ಆಲೇಖದ ಮೊದಲ ಹೆಸರು ಕೆಳತುದಿಯಲ್ಲಿ ಬರುವುದರಿಂದ, ಅಕ್ಷದ ಆಯ್ಕೆಗಳಲ್ಲಿ ಹೆಸರುಗಳ ಕ್ರಮವನ್ನು ತಿರುಗಿಸುವ ಸೂಚನೆಯನ್ನು ಕೊಡಬೇಕು. ಹೆಸರುಗಳನ್ನು ಒಂದೊಂದು ಅಕ್ಷರವಾಗಿ ಮೇಲಿನಿಂದ ಕೆಳಕ್ಕೆ ಪೇರಿಸುವ ವಿನ್ಯಾಸ ರೋಮನ್ ಲಿಪಿಗೆ ಒಗ್ಗಿದರೂ ಗುಣಿತಾಕ್ಷರ, ಒತ್ತಕ್ಷರಗಳುಳ್ಳ ಕನ್ನಡಕ್ಕೆ ಒಗ್ಗದು.

ನಿಯತಕಾಲಿಕೆಗಳು ಕಪ್ಪು-ಬಿಳುಪಿನಲ್ಲಿ ಮುದ್ರಣವಾಗುವುದನ್ನು ಗಮನದಲ್ಲಿರಿಸಿಕೊಂಡು, ಬಣ್ಣದ ಬದಲು ಗಾಢ ಮತ್ತು ತಿಳಿ ಛಾಯೆಗಳನ್ನೋ ಗೆರೆಗಳ ವಿನ್ಯಾಸವನ್ನೋ ಆರಿಸಬೇಕು. ಮೂರು ಆಯಾಮದ ಸ್ತಂಭಗಳು ಎತ್ತರವನ್ನು ಮರೆಮಾಡುತ್ತವೆ. ಸ್ತರಗಳು ಮೂರನ್ನು ಮೀರಬಾರದು. ಕುಮಾರವ್ಯಾಸನ ಎಲ್ಲ ಪರ್ವಗಳ ಎಲ್ಲ ಸಂಧಿಗಳನ್ನು ಒಂದೇ ಅಕ್ಷದ ಮೇಲೆ ತರುವುದಕ್ಕಿಂತ ಪರ್ವಕ್ಕೊಂದು ಆಲೇಖವನ್ನು ಒಂದೇ ಅಳತೆಯಲ್ಲಿ ರಚಿಸುವುದು ಓದುಗರಿಗೆ ಹಿತ.

8. ಸಮಾರೋಪ

ಬಹುಸ್ತರ ಹೆಸರುಗಳ ಆಲೇಖವನ್ನು ರಚಿಸುವ ತಾಂತ್ರಿಕ ಕ್ರಮ ಸರಳವಾದುದು. ಹೊರಸ್ತರಕ್ಕೊಂದು ಕಾಲಂ, ಒಳಸ್ತರಕ್ಕೊಂದು ಕಾಲಂ, ಮೌಲ್ಯಕ್ಕೊಂದು ಕಾಲಂ ಇದ್ದರೆ ಉಳಿದುದನ್ನು ತಂತ್ರಾಂಶ ಮಾಡುತ್ತದೆ. ಆದರೆ ಯಾವುದು ಹೊರಸ್ತರ, ಯಾವುದು ಒಳಸ್ತರ, ಅವುಗಳ ಸಂಬಂಧ ಅಂತರ್ಗತವೋ ಹಾಸುಹೊಕ್ಕಿನದೋ, ಹೊರಸ್ತರದ ಹೆಸರು ಯಾವ ಕಾಲದ್ದು ಎಂಬ ನಿರ್ಧಾರಗಳು ವ್ಯಾಖ್ಯಾನಕ್ಕೆ ಸೇರಿದವು. ಶ್ರವಣಬೆಳಗೊಳದ ಉದಾಹರಣೆಯಲ್ಲಿ 'ಬೆಟ್ಟ', 'ಊರು' ಎಂಬ ಎರಡು ಪದಗಳು ಹೊಸದೊಂದು ಓದನ್ನು ಸಾಧ್ಯಗೊಳಿಸಿದವು. ಸಾಕ್ಷರತೆಯ ಉದಾಹರಣೆಯಲ್ಲಿ ಸ್ತರಗಳ ಅದಲುಬದಲು ಅಸಮಾನತೆಯ ವಾದವನ್ನು ಪ್ರಗತಿಯ ವಾದವಾಗಿಸಿತು.

ಈ ನಿರ್ಧಾರಗಳನ್ನು ಬೆರಳಚ್ಚಿನ ಹಂತಕ್ಕೆ ಬಿಟ್ಟುಕೊಡುವುದೆಂದರೆ ವಾದದ ಒಂದು ಭಾಗವನ್ನೇ ಬಿಟ್ಟುಕೊಟ್ಟಂತೆ. ಮಾರ್ಗದರ್ಶಕರು ಪ್ರಬಂಧದ ಪಠ್ಯವನ್ನು ತಿದ್ದುವಷ್ಟೇ ಎಚ್ಚರದಿಂದ ಅಕ್ಷದ ಕೆಳಗಿನ ಹೆಸರುಗಳನ್ನೂ ನೋಡುವುದು, ಪ್ರತಿ ಆಲೇಖದ ಜೊತೆಗೆ ಅದರ ಮೂಲ ಕೋಷ್ಟಕವನ್ನು ಅನುಬಂಧದಲ್ಲಿ ಕೊಡುವಂತೆ ಸೂಚಿಸುವುದು, ಸ್ನಾತಕೋತ್ತರ ಸಂಶೋಧನ ವಿಧಾನದ ಪತ್ರಿಕೆಯಲ್ಲಿ ಇದಕ್ಕೆ ಒಂದೆರಡು ಪಾಠಗಳನ್ನು ಮೀಸಲಿಡುವುದು ಅಪೇಕ್ಷಣೀಯ. ಪದ್ಯದ ಸಂಖ್ಯೆಯನ್ನು ಪರ್ವ-ಸಂಧಿಗಳ ಸಹಿತವಾಗಿ ಉಲ್ಲೇಖಿಸುವ ಶಿಸ್ತು ಕನ್ನಡ ಅಧ್ಯಯನದಲ್ಲಿ ಈಗಾಗಲೇ ನೆಲೆಗೊಂಡಿದೆ. ಅದೇ ಶಿಸ್ತು ಆಲೇಖದ ಅಕ್ಷಕ್ಕೂ ವಿಸ್ತರಿಸಬೇಕಾಗಿದೆ.